ಕೋವಿ ಉಳಿದರೂ ತೋಟಾ ಉಳಿಯದು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಕಡೆ ಹಳೆಯ ಮನೆತನಗಳಲ್ಲಿ ತಾತನ ಕಾಲದ ಕೋವಿ ಇರುವುದುಂಟು. ಚುನಾವಣೆ ಬಂದಾಗ ಪರವಾನಗಿ ಪಡೆದ ಕೋವಿಗಳು ಪೊಲೀಸ್ ಠಾಣೆಗೆ ಹೋಗುತ್ತವೆ, ಮುಗಿದ ಮೇಲೆ ಮನೆಗೆ ಮರಳುತ್ತವೆ. ಆದರೆ ಅವುಗಳಲ್ಲಿ ಕೆಲವಕ್ಕೆ ತೋಟಾ ಎಲ್ಲಿಯೂ ಸಿಗುವುದಿಲ್ಲ. ಕೋವಿ ಗಟ್ಟಿಯಾಗಿದೆ, ಬೀರುವಿನಲ್ಲಿ ನಾಲ್ಕಾರು ಹಳೆಯ ತೋಟಾಗಳೂ ಇವೆ. ಅವನ್ನೇ ಬಳಸಿದರೇನು? ಖಾಲಿ ತೋಟಾಕ್ಕೆ ಮತ್ತೆ ಮದ್ದು ತುಂಬಿದರೇನು? ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಹೀಗೆ ಕೇಳಿದರೆ ಬರೀ ಗದರಿಸಿ ಕೂರಿಸಬೇಕಾಗಿಲ್ಲ. ಉತ್ತರ ಭೌತ ಮತ್ತು ರಸಾಯನ ವಿಜ್ಞಾನದಲ್ಲಿಯೇ ಇದೆ.

ಮದ್ದು ಬೇರೆ, ಗುಂಡು ಬೇರೆ

ಹೈದರ್ ಮತ್ತು ಟಿಪ್ಪು ಕಾಲದ ಕೋವಿಗೆ ಈ ತೊಂದರೆ ಇರಲಿಲ್ಲ. ನಳಿಕೆಯ ಬಾಯಿಂದ ಮದ್ದು ಸುರಿದು, ಸೀಸದ ಗುಂಡು ಹಾಕಿ, ಗಜದಿಂದ ಜಡಿದರೆ ಆಯಿತು. ಮದ್ದಿಗೆ ಬೇಕಾದದ್ದು ಪೆಟ್ಲುಪ್ಪು, ಇದ್ದಿಲು, ಗಂಧಕ. ಇವುಗಳಲ್ಲಿ ಪೆಟ್ಲುಪ್ಪು, ಎಂದರೆ ಪೊಟ್ಯಾಸಿಯಮ್ ನೈಟ್ರೇಟ್, ಹಳ್ಳಿಯ ಮಣ್ಣಿನಲ್ಲಿಯೇ ದೊರೆಯುತ್ತಿತ್ತು. ದನದ ಗಂಜಲದಿಂದ ಬರುವ ಅಮೋನಿಯವನ್ನು ಮಣ್ಣಿನ ಬ್ಯಾಕ್ಟೀರಿಯಗಳು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಕೊಟ್ಟಿಗೆ ಮತ್ತು ಹಳೆಯ ಗೋಡೆಗಳ ಬುಡದ ಮಣ್ಣನ್ನು ತೊಳೆದು ಕುದಿಸಿ ಅದನ್ನು ತೆಗೆಯುತ್ತಿದ್ದರು.

ಮದ್ದಿನ ಶತ್ರು ತೇವ ಮತ್ತು ಕಿಡಿ. ಶ್ರೀರಂಗಪಟ್ಟಣದ ಮದ್ದಿನ ಮನೆಗಳನ್ನು ಭಾಗಶಃ ನೆಲದೊಳಗೆ ಇಳಿಸಿ, ದಪ್ಪ ಇಟ್ಟಿಗೆ ಗಾರೆಯಿಂದ ಕಟ್ಟಿರುವುದು ಇದೇ ಕಾರಣಕ್ಕೆ. ಬೆಂಗಳೂರು–ಮೈಸೂರು ಜೋಡಿ ರೈಲು ಹಳಿಗಾಗಿ 2017ರಲ್ಲಿ ಇಡಿಯಾಗಿ ಎತ್ತಿ, ನೂರು ಮೀಟರಿಗೂ ಹೆಚ್ಚು ದೂರ ಸರಿಸಿದ ಕಟ್ಟಡ ಇವುಗಳಲ್ಲೊಂದು. ಅಷ್ಟು ಜಾಗ್ರತೆಯಿದ್ದರೂ 1799ರ ಮುತ್ತಿಗೆಯಲ್ಲಿ, ಕೋಟೆ ಬೀಳುವ ಎರಡು ದಿನ ಮೊದಲು, ಮೇ 2ರಂದು, ಬ್ರಿಟಿಷರ ಗುಂಡೊಂದು ರಾಕೆಟ್ ಸಂಗ್ರಹಕ್ಕೆ ಬಡಿದು ಭಾರೀ ಸ್ಫೋಟವಾಯಿತು.

ಅಳತೆಯ ತೊಡಕು ಆಗಲೂ ಇತ್ತು. ಹೈದರ್ ಮತ್ತು ಟಿಪ್ಪು ಸೇವೆಯಲ್ಲಿದ್ದ ಫ್ರೆಂಚ್ ಪಡೆ ಬೀಡುಬಿಟ್ಟಿದ್ದರಿಂದ ಇಂದಿನ ಪಾಂಡವಪುರಕ್ಕೆ ಬ್ರಿಟಿಷರು ‘ಫ್ರೆಂಚ್ ರಾಕ್ಸ್’ ಎಂದು ಹೆಸರಿಟ್ಟಿದ್ದರು. ಆ ಕಾಲದ ಫ್ರೆಂಚ್ ಬಂದೂಕಿನ ನಳಿಕೆಯ ಒಳವ್ಯಾಸ ಸುಮಾರು 0.69 ಅಂಗುಲ, ಇಂಗ್ಲಿಷ್ ಬಂದೂಕಿನದು ಸುಮಾರು 0.75 ಅಂಗುಲ. ಇಂಗ್ಲಿಷರ ಗುಂಡು ನಳಿಕೆಗಿಂತ ಚಿಕ್ಕದಾಗಿ, 0.69 ಅಂಗುಲದ ಆಸುಪಾಸಿನಲ್ಲಿ ಇರುತ್ತಿತ್ತು. ಹಾಗಾಗಿ ಫ್ರೆಂಚರ ಗುಂಡು ಇಂಗ್ಲಿಷ್ ನಳಿಕೆಯಲ್ಲಿ ಸಡಿಲವಾಗಿಯಾದರೂ ಇಳಿಯುತ್ತಿತ್ತು. ಇಂಗ್ಲಿಷರ ಗುಂಡು ಫ್ರೆಂಚ್ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆದರೂ ಪರಿಹಾರ ಸುಲಭ: ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ; ಬೇರೆ ಅಚ್ಚಿನಲ್ಲಿ ಎರಕ ಹೊಯ್ದರೆ ಮುಗಿಯಿತು.

‘12 ಬೋರ್’ ಎಂದರೇನು?

ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡುಗಳನ್ನು ಮಾಡಿದರೆ, ಅಂತಹ ಒಂದು ಗುಂಡಿನ ವ್ಯಾಸವೇ 12 ಬೋರ್ ನಳಿಕೆಯ ಒಳವ್ಯಾಸ. ಲೆಕ್ಕ ಮಾಡಿ ನೋಡಿ. 453.6 ಗ್ರಾಂ ಭಾಗಿಸು 12 ಎಂದರೆ 37.8 ಗ್ರಾಂ. ಸೀಸದ ಸಾಂದ್ರತೆ 11.34; ಆದ್ದರಿಂದ ಗಾತ್ರ 3.33 ಘನ ಸೆಂಟಿಮೀಟರ್. ಗೋಳದ ಸೂತ್ರದಿಂದ ವ್ಯಾಸ ಸುಮಾರು 18.5 ಮಿಲಿಮೀಟರ್. 16 ಬೋರ್ ಇದಕ್ಕಿಂತ ಕಿರಿದೇಕೆ ಎಂಬುದನ್ನು ವಿದ್ಯಾರ್ಥಿಗಳೇ ಹೇಳಬಲ್ಲರು. ರೈಫಲ್‌ಗಳಲ್ಲಿ ಮಾತ್ರ ಅಳತೆಯನ್ನು ನೇರವಾಗಿ ಅಂಗುಲದಲ್ಲೋ ಮಿಲಿಮೀಟರಿನಲ್ಲೋ ಹೇಳುತ್ತಾರೆ.

ತೋಟಾ ಎಂಬ ಒತ್ತಡಪಾತ್ರೆ

19ನೇ ಶತಮಾನದಲ್ಲಿ ಮದ್ದು, ಗುಂಡು, ಕಿಡಿ ಕೊಡುವ ಕೇಪು ಮೂರನ್ನೂ ಒಂದು ಹಿತ್ತಾಳೆ ಕೊಳವೆಯಲ್ಲಿ ಸೇರಿಸಿದರು. ಇದೇ ತೋಟಾ, ಹಳಬರ ಮಾತಿನಲ್ಲಿ ಕಾಡತೂಸು. ಹಾರಿಸಿದಾಗ ಹಿತ್ತಾಳೆ ಕ್ಷಣಮಾತ್ರ ಹಿಗ್ಗಿ ಕೋವಿಯ ಗೂಡಿಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ಬಿರಡೆಯಾಗುತ್ತದೆ. ಮರುಕ್ಷಣ ಕುಗ್ಗಿ ಸಡಿಲವಾಗುತ್ತದೆ. ಅಡುಗೆಮನೆಯ ಕುಕ್ಕರಿನೊಳಗಿನ ಒತ್ತಡ ಸುಮಾರು 2 ವಾತಾವರಣ. ‘ತ್ರೀ ನಾಟ್ ತ್ರೀ’ ತೋಟಾದೊಳಗೆ ಅದು 3,000 ವಾತಾವರಣವನ್ನು ಮುಟ್ಟುತ್ತದೆ.

ನಾಗಮಂಗಲ ಲೋಹದ ಎರಕಕ್ಕೆ ಹೆಸರಾದ ಊರು. ಅಲ್ಲಿನ ಕುಶಲಿಗಳು ಹಿತ್ತಾಳೆಯ ತೋಟಾ ಎರೆಯಲಾರರೇ? ಆಕಾರ ಬಂದೀತು, ಬಲ ಬಾರದು. ಎರಕದಲ್ಲಿ ಸಣ್ಣ ರಂಧ್ರಗಳು ಉಳಿಯುತ್ತವೆ. ತೋಟಾಕ್ಕೆ 70 ಪಾಲು ತಾಮ್ರ, 30 ಪಾಲು ಸತುವಿನ ತಗಡನ್ನು ಹಂತಹಂತವಾಗಿ ಎಳೆದು, ನಡುನಡುವೆ ಕಾಯಿಸಿ ಮೆದುಗೊಳಿಸುತ್ತಾರೆ. ಕೊನೆಗೆ ಬುಡ ಗಡುಸಾಗಿ, ಬಾಯಿ ಮೆದುವಾಗಿ ಉಳಿಯಬೇಕು. ಇದು ಕಾರ್ಖಾನೆಯ ಕೆಲಸ. ಕಾರ್ಖಾನೆ ಒಂದು ಅಳತೆಯನ್ನು ಕೈಬಿಟ್ಟ ದಿನ ಆ ಅಳತೆಯ ಕೋವಿಗಳೆಲ್ಲ ಕಬ್ಬಿಣದ ಕೊಳವೆಗಳಾಗುತ್ತವೆ.

1871ರಲ್ಲಿ ಬ್ರಿಟಿಷ್ ಸೇನೆ ಅಳವಡಿಸಿಕೊಂಡ ಮಾರ್ಟಿನಿ–ಹೆನ್ರಿ ರೈಫಲ್ ಇದಕ್ಕೆ ಉದಾಹರಣೆ. ಅದರ ನಳಿಕೆ 0.45 ಅಂಗುಲದ್ದು, ಕಪ್ಪು ಮದ್ದಿಗಾಗಿ ರೂಪಿಸಿದ್ದು. ಕಪ್ಪು ಮದ್ದಿನ ಜಾಗದಲ್ಲಿ ಹೊಗೆರಹಿತ ಮದ್ದು ಹಾಕಿದರೆ ಕೋವಿ ಒಡೆಯಬಹುದು. ಹೊಗೆರಹಿತ ಮದ್ದು ಒತ್ತಡ ಏರಿದಂತೆಲ್ಲ ಇನ್ನೂ ವೇಗವಾಗಿ ಉರಿಯುತ್ತದೆ. ಆ ಒತ್ತಡವನ್ನು ತಡೆಯಲು ಹಳೆಯ ಉಕ್ಕನ್ನು ಮಾಡಿರಲಿಲ್ಲ.

ತೋಟಾ ಯಾರದೋ, ಕೋವಿ ಅವರದು

ಇದನ್ನು ಬ್ರಿಟಿಷ್ ಸರ್ಕಾರ ಚೆನ್ನಾಗಿ ಅರಿತಿತ್ತು. ಸೇನೆಯ .303 ತೋಟಾ ಜನರ ಕೈಸೇರದಿರಲೆಂದು ಆ ಅಳತೆಯ ಕೋವಿಯನ್ನೇ ಖಾಸಗಿಯವರಿಗೆ ನಿಷೇಧಿಸಿತು. ಬದಲಿಗೆ ಬಂದದ್ದು .315. ವ್ಯತ್ಯಾಸ 7.7 ಮತ್ತು 8 ಮಿಲಿಮೀಟರಿನದು, ಕೂದಲೆಳೆಯಷ್ಟು. ಆದರೆ ಒಂದರ ತೋಟಾದ ಹಿತ್ತಾಳೆ ಕೊಳವೆಯ ಉದ್ದ ಸುಮಾರು 56 ಮಿಲಿಮೀಟರ್, ಇನ್ನೊಂದರದು 50. ಒಂದು ಇನ್ನೊಂದಕ್ಕೆ ಆಗದು. ಕೋವಿಯನ್ನು ಹಿಡಿತದಲ್ಲಿಡಲು ತೋಟಾವನ್ನು ಹಿಡಿದರೆ ಸಾಕು ಎಂಬ ಲೆಕ್ಕಾಚಾರವಿದು. .315 ತೋಟಾ ಮುಂದೆ ಭಾರತದ ಆಯುಧ ಕಾರ್ಖಾನೆಗಳಲ್ಲಿ ತಯಾರಾಗುತ್ತ ಬಂತು. ಆದ್ದರಿಂದಲೇ ಆ ಕೋವಿಗಳು ಇಂದಿಗೂ ಬಳಕೆಯಲ್ಲಿವೆ. .303ಕ್ಕೆ ಉತ್ತರ ಪ್ರದೇಶದ ಪೊಲೀಸರೂ 2020ರಲ್ಲಿ ವಿದಾಯ ಹೇಳಿದರು.

ಬೀರುವಿನ ತೋಟಾ

ಹಳೆಯ ತೋಟಾ ಹೊರಗೆ ಫಳಫಳಿಸುತ್ತಿದ್ದರೂ ಒಳಗೆ ರಾಸಾಯನಿಕ ಕ್ರಿಯೆ ನಡೆದೇ ಇರುತ್ತದೆ. ಹೊಗೆರಹಿತ ಮದ್ದಿನ ನೈಟ್ರೊಸೆಲ್ಯುಲೋಸ್ ನಿಧಾನವಾಗಿ ಒಡೆದು ನೈಟ್ರೊಜನ್ ಆಕ್ಸೈಡ್‌ಗಳನ್ನು ಬಿಡುತ್ತದೆ. ಇವು ಕ್ರಿಯೆಯನ್ನು ಇನ್ನಷ್ಟು ಚುರುಕುಗೊಳಿಸುತ್ತವೆ. ಬಿಸಿಲಿನ ನಾಡಿನಲ್ಲಿ ಇದು ಬೇಗ. ಹಳೆಯ ಕೇಪಿನ ಪಾದರಸವು ಸಿಡಿದ ಮೇಲೆ ಹಿತ್ತಾಳೆಯೊಡನೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಅಂತಹ ಖಾಲಿ ತೋಟಾ ಮರುಬಳಕೆಗೆ ಬಾರದು.

ಇನ್ನೊಂದು ಪಾಠ ಭಾರತದ್ದೇ. ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಟ್ಟ ಸೇನೆಯ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಕಾರಣವನ್ನು 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ವಿವರಿಸಿದರು: ಎಳೆದು ಮಾಡಿದ ಹಿತ್ತಾಳೆಯಲ್ಲಿ ಉಳಿದ ಬಿಗುವು, ಜೊತೆಗೆ ಕುದುರೆ ಗಂಜಲದ ಅಮೋನಿಯ. ಕೊಟ್ಟಿಗೆಯ ಯಾವ ಅಮೋನಿಯ ಹಳೆಯ ಕೋವಿಗೆ ಪೆಟ್ಲುಪ್ಪು ಕೊಟ್ಟಿತೋ ಅದೇ ಹೊಸ ಕೋವಿಯ ತೋಟಾವನ್ನು ಸೀಳಿತು. ಅಂತಹ ಸೀಳು ಕಣ್ಣಿಗೆ ಕಾಣದಿದ್ದರೂ ಹಾರಿಸಿದಾಗ ಬಿಸಿ ಅನಿಲ ಹಿಂದಕ್ಕೆ, ಹಾರಿಸಿದವರ ಮುಖದತ್ತ ನುಗ್ಗಬಹುದು.

ಮಾಡಬೇಕಾದದ್ದು

ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಆಯುಧ ಕಾಯ್ದೆಯಂತೆ ಅಪರಾಧ. ತೋಟಾ ಬೇಕಾದರೆ ಪರವಾನಗಿ ಪಡೆದ ಅಂಗಡಿಯೊಂದೇ ದಾರಿ. ಅಲ್ಲಿ ಆ ಅಳತೆ ಇಲ್ಲವೆಂದರೆ ಕೋವಿಗೆ ವಿಶ್ರಾಂತಿಯೇ ಸರಿ. ಪರವಾನಗಿದಾರರು ತೀರಿಕೊಂಡಿದ್ದರೆ ಕೋವಿಯನ್ನೂ ತೋಟಾಗಳನ್ನೂ ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕು. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು. ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಕೋವಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಅದು ನಿಜಕ್ಕೂ ಅಂತಹುದೇ ಎಂದು ತೀರ್ಮಾನಿಸುವ ಕೆಲಸ ನಮ್ಮದಲ್ಲ, ಅಧಿಕಾರಿಗಳದ್ದು. ಹಳೆಯ ತೋಟಾಗಳನ್ನು ಮಕ್ಕಳು ಬಿಚ್ಚದಂತೆ, ಬೆಂಕಿಗೆ ಎಸೆಯದಂತೆ ಎಚ್ಚರ ವಹಿಸಬೇಕು.

ಅಧ್ಯಾಪಕರು 12 ಬೋರಿನ ಲೆಕ್ಕವನ್ನು ಹಲಗೆಯ ಮೇಲೆ ಮಾಡಿಸಿ, ನಂತರ ಮಕ್ಕಳನ್ನು ಶ್ರೀರಂಗಪಟ್ಟಣದ ಮದ್ದಿನ ಮನೆಗೆ ಕರೆದೊಯ್ಯಲಿ. ಗೋಡೆ ಅಷ್ಟು ದಪ್ಪವೇಕೆ, ಕಟ್ಟಡ ನೆಲದೊಳಗೇಕೆ ಎಂದು ಕೇಳಲಿ. ಆ ಗೋಡೆ ಕಟ್ಟಿದವರು ಮದ್ದನ್ನು ಎಷ್ಟು ಅನುಮಾನದಿಂದ ಕಾಣುತ್ತಿದ್ದರೆಂದು ಮಕ್ಕಳಿಗೆ ತಿಳಿದರೆ ಬೀರುವಿನ ತೋಟಾವನ್ನು ಅವರು ಮುಟ್ಟಲಾರರು.