ಬೇಸಿಗೆಯ ಹಸಿರೇ ಸುಳಿವು: ಬಳ್ಳಾರಿ ಜಾಲಿಯನ್ನು ಉಪಗ್ರಹ ಹೇಗೆ ಹುಡುಕುತ್ತೆ?



ಏಪ್ರಿಲ್ ತಿಂಗಳಲ್ಲಿ ನಮ್ಮ ರಾಯದುರ್ಗದ ಕಡೆ ಬಂದು ನೋಡಿ. ಗುಡ್ಡ, ಹೊಲ, ಬಯಲು ಎಲ್ಲಾ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಆದರೆ ನೀರಿಲ್ಲದ ಕೆರೆಯಂಗಳದಲ್ಲಿ, ಹಳ್ಳದ ದಂಡೆಯಲ್ಲಿ ಒಂದು ಗಿಡ ಹಸಿರಾಗಿಯೇ ಇರುತ್ತದೆ. ನಿಮ್ಮ ಸೈಕಲ್ ಪಂಕ್ಚರ್ ಮಾಡುವುದೂ ಅದೇ. ಗೊತ್ತಾಯ್ತಲ್ವಾ? ಬಳ್ಳಾರಿ ಜಾಲಿ! ತೆಲುಗಿನವರು ಸರ್ಕಾರು ತುಮ್ಮ ಅಂತಾರೆ, ತಮಿಳಿನವರು ಸೀಮೈ ಕರುವೇಲಂ, ಮರಾಠಿಯವರು ವೇಡಿ ಬಾಭೂಳ. ವೈಜ್ಞಾನಿಕ ಹೆಸರು ಪ್ರೊಸೋಪಿಸ್ ಜೂಲಿಫ್ಲೋರಾ.

ಇದು ಅಮೆರಿಕ ಖಂಡದ ಗಿಡ. 1870ರ ದಶಕದಲ್ಲಿ ಇದನ್ನು ಕಡಪ ಸೀಮೆಗೆ ತಂದರು. ಕುರಿ, ಮೇಕೆ, ದನಗಳು ಇದರ ಸಿಹಿ ಕಾಯಿ ತಿನ್ನುತ್ತವೆ. ಬೀಜ ಜೀರ್ಣವಾಗದೆ ಹಿಕ್ಕೆ, ಸಗಣಿಯ ಜೊತೆ ಹೊರಬಂದು ಹೊಸ ಜಾಗದಲ್ಲಿ ಮೊಳೆಯುತ್ತದೆ. ಹೀಗೆ ಮೇವಿನ ಬಯಲು ಮುಳ್ಳಿನ ಪೊದೆಯಾಗುತ್ತದೆ.

ಇದು ಎಷ್ಟು ಹಬ್ಬಿದೆ ಅಂತ ಮುಳ್ಳಿನೊಳಗೆ ನುಗ್ಗಿ ಅಳೆಯೋಕಾಗಲ್ಲ. ಇಲ್ಲಿ ದೂರಸಂವೇದಿ ತಂತ್ರಜ್ಞಾನ ನೆರವಿಗೆ ಬರುತ್ತದೆ. ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳು ಸುಮಾರು 786 ಕಿ.ಮೀ. ಎತ್ತರದಿಂದ ಭೂಮಿಯ ಚಿತ್ರ ತೆಗೆಯುತ್ತವೆ. ಆ ಚಿತ್ರಗಳು ಎಲ್ಲರಿಗೂ ಉಚಿತ.

“ಸರ್, ಅಷ್ಟು ಮೇಲಿಂದ ಮುಳ್ಳು ಕಾಣುತ್ತಾ?” ಎಂದು ತರಗತಿಯಲ್ಲಿ ಒಬ್ಬಳು ಕೇಳಿದಳು. ಕಾಣಲ್ಲ. ಆ ಚಿತ್ರದಲ್ಲಿ ಅತಿ ಸಣ್ಣ ಚುಕ್ಕೆ ಎಂದರೂ 10 ಮೀ. ಉದ್ದ, 10 ಮೀ. ಅಗಲದ ನೆಲ. ಉಪಗ್ರಹ ಅಳೆಯುವುದು ಆ ನೆಲದಿಂದ ಹಿಂತಿರುಗಿ ಬರುವ ಬೆಳಕನ್ನು.

ಹಸಿರೆಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಎಲೆಯ ಒಳರಚನೆ ಹೆಚ್ಚಾಗಿ ಪ್ರತಿಫಲಿಸುತ್ತದೆ. ಇವೆರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಎನ್‌ಡಿವಿಐ ಎಂದು ಹೆಸರು. ಉದಾಹರಣೆಗೆ, ಅವಕೆಂಪು 0.45, ಕೆಂಪು 0.05 ಇದ್ದರೆ 0.40 ÷ 0.50 = 0.8. ಅಂದರೆ ದಟ್ಟ ಹಸಿರು. ಬರಿ ಮಣ್ಣಿನಲ್ಲಿ ಅವಕೆಂಪು 0.30, ಕೆಂಪು 0.20 ಎಂದುಕೊಳ್ಳಿ. ಉತ್ತರ ಎಷ್ಟು? ನೀವೇ ಲೆಕ್ಕ ಹಾಕಿ.

ಮಳೆ ಮುಗಿದ ನವೆಂಬರ್‌ನಲ್ಲಿ ಎಲ್ಲವೂ ಹಸಿರು, ಆಗ ಜಾಲಿ ಬೇರೆಯಾಗಿ ಕಾಣಲ್ಲ. ಏಪ್ರಿಲ್‌ನಲ್ಲಿ ಹುಲ್ಲು ಒಣಗಿ, ಕುರುಚಲು ಕಾಡಿನ ಹಲವು ಮರಗಳು ಎಲೆ ಉದುರಿಸಿದಾಗ ಅದು ಸಿಕ್ಕಿಬೀಳುತ್ತದೆ. ಆದರೆ ನೀರಾವರಿ ಗದ್ದೆ, ಬೇವಿನ ತೋಪು ಕೂಡ ಆಗ ಹಸಿರೇ! ಗದ್ದೆ ಕೊಯ್ಲಾದ ಮೇಲೆ ಬರಿದಾಗುತ್ತದೆ, ಹಾಗಾಗಿ ಹಲವು ತಿಂಗಳ ಚಿತ್ರ ಹೋಲಿಸಿದರೆ ಅದನ್ನು ಬಿಡಿಸಬಹುದು. ಬೇವೋ ಜಾಲಿಯೋ ಎಂಬ ಅನುಮಾನ ಬಂದರೆ ಯಾರಾದರೂ ಸ್ಥಳಕ್ಕೆ ಹೋಗಿಯೇ ನೋಡಬೇಕು.

ನಕ್ಷೆ ಸಿದ್ಧವಾದರೆ ಯಾವ ಕೆರೆ ಮೊದಲು ಬಿಡಿಸಬೇಕು, ಒಲೆಯ ಸೌದೆಗೆ ಎಲ್ಲಿ ಉಳಿಸಬಹುದು ಎಂದು ಊರವರು ಕೂತು ತೀರ್ಮಾನಿಸಬಹುದು.

ಒಂದು ಮಾತು ನೆನಪಿಡಿ. ಗೇಣುದ್ದದ ಜಾಲಿ ಸಸಿ ಉಪಗ್ರಹಕ್ಕೆ ಕಾಣಲ್ಲ. ಅದಕ್ಕೆ ಕಾಣುವಷ್ಟು ದೊಡ್ಡ ಪೊದೆಯಾದ ಮೇಲೆ, ಕಡಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಸಸಿಯಾಗಿದ್ದಾಗ ಮಳೆ ಬಿದ್ದ ಹಸಿ ಮಣ್ಣಿನಿಂದ ಬೇರುಸಹಿತ ಕಿತ್ತುಹಾಕಬಹುದು. ಆ ಸಸಿಯನ್ನು ಗುರುತಿಸಬಲ್ಲವರು ದಿನಾ ಅದೇ ದಾರಿಯಲ್ಲಿ ಶಾಲೆಗೆ ಬರುವ ನೀವು. ಈ ಮಳೆಗಾಲ ಶಾಲೆಯ ಸುತ್ತ ಎಷ್ಟು ಸಸಿ ಸಿಕ್ಕವು ಅಂತ ಎಣಿಸಿ, ನಿಮ್ಮ ವಿಜ್ಞಾನ ಟೀಚರಿಗೆ ತೋರಿಸಿ.