ಸುಳಿ ನೊಣವನ್ನು ಕರೆದು ತರುವ ಜೋಳದ ಹೊಲ

ಬಿತ್ತಿದ ಪೈರಿಗೆ ಹುಳ ಬೀಳದಿರಲಿ ಎಂದು ಬೇಡಿಕೊಳ್ಳದ ರೈತನಿಲ್ಲ. ಜೋಳದ ತಳಿ ಪರೀಕ್ಷೆಯ ತಾಕಿನಲ್ಲಿ ಮಾತ್ರ ನಡೆಯುವುದು ಇದರ ತದ್ವಿರುದ್ಧ. ಮೊಳಕೆ ಮೇಲೆದ್ದು ವಾರವಾಗುತ್ತಿದ್ದಂತೆ ಅಲ್ಲಿ ಸಾಲುಗಳ ನಡುವೆ ಒಣಮೀನಿನ ಪುಡಿಯನ್ನು ತೇವ ಮಾಡಿ ಚೆಲ್ಲುತ್ತಾರೆ. ಆ ವಾಸನೆಗೆ ಸುಳಿ ನೊಣಗಳು ಹುಡುಕಿಕೊಂಡು ಬರುತ್ತವೆ. ಅವು ಬರಬೇಕು, ಬರದಿದ್ದರೆ ಆ ವರ್ಷದ ದುಡಿಮೆಯೆಲ್ಲ ವ್ಯರ್ಥ.

ಮನೆ ನೊಣಕ್ಕಿಂತ ಚಿಕ್ಕದಾದ ಈ ಬೂದು ನೊಣ ಜೋಳದ ಎಳೆ ಪೈರಿನ ದೊಡ್ಡ ಶತ್ರು. ಹೆಣ್ಣು ನೊಣ ಎಲೆಯ ಅಡಿಬದಿಯಲ್ಲಿ, ನಡುನರದ ಗುಂಟ, ಒಂದೊಂದೇ ಬಿಳಿ ಮೊಟ್ಟೆ ಇಡುತ್ತದೆ. ಒಂದೆರಡು ದಿನಕ್ಕೆ ಮರಿಹುಳ ಹೊರಬಿದ್ದು, ತೆವಳುತ್ತ ಸುಳಿಯೊಳಗೆ ಇಳಿದು, ಬೆಳೆಯುವ ತುದಿಯನ್ನೇ ಕತ್ತರಿಸಿ, ಕೊಳೆತದ್ದನ್ನು ತಿಂದು ಬದುಕುತ್ತದೆ. ನಾಲ್ಕಾರು ದಿನದಲ್ಲಿ ಸುಳಿ ಒಣಗುತ್ತದೆ. ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತದೆ, ಬುಡದಲ್ಲಿ ಕೊಳೆತ ನಾತ. ಪೈರಿಗೆ ಸುಮಾರು ನಾಲ್ಕು ವಾರ ತುಂಬುವವರೆಗೆ ಈ ಗಂಡಾಂತರ ತಪ್ಪಿದ್ದಲ್ಲ. ಮುಂಗಾರಿನಲ್ಲಾದರೆ ಮೊದಲ ಹದಕ್ಕೇ ಬಿತ್ತಿ ನೊಣದಿಂದ ಪಾರಾಗಬಹುದು. ಎರೆ ನೆಲದ ಹಿಂಗಾರಿ ಜೋಳಕ್ಕೆ ಆ ಸ್ವಾತಂತ್ರ್ಯ ಕಡಿಮೆ. ಉತ್ತರಿ, ಹಸ್ತ ಮಳೆಗಳು ಯಾವಾಗ ಬಿಡುವು ಕೊಡುತ್ತವೋ ಆಗಲೇ ಕೂರಿಗೆ ಹೂಡಬೇಕು. ಹಾಗಾಗಿ ರಕ್ಷಣೆ ಬೀಜದೊಳಗೇ ಇರಬೇಕಾಗುತ್ತದೆ.

ಅದು ಇದೆಯೋ ಇಲ್ಲವೋ ಎಂದು ತಿಳಿಯುವ ವಿಧಾನವನ್ನು ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಹದಗೊಳಿಸಿತು. ನೊಣಕ್ಕೆ ಬೇಗ ತುತ್ತಾಗುವ ತಳಿಯೊಂದನ್ನು ನಾಲ್ಕು ಸಾಲು, ಪರೀಕ್ಷೆಯ ತಳಿಗಳಿಗಿಂತ ಇಪ್ಪತ್ತು ದಿನ ಮುಂಚೆ ಬಿತ್ತುತ್ತಾರೆ. ಮೀನಿನ ಪುಡಿ ಬೀಳುವುದು ಈ ಸಾಲುಗಳಿಗೆ. ಮೊಟ್ಟೆಯಿಂದ ನೊಣವಾಗಲು ಹೆಚ್ಚುಕಡಿಮೆ ಮೂರು ವಾರ ಬೇಕು. ಹೀಗಾಗಿ ಅಲ್ಲಿ ಹುಟ್ಟಿ ಬೆಳೆದ ನೊಣಗಳ ಹಿಂಡು ಹೊರಬರುವ ಹೊತ್ತಿಗೆ ಪಕ್ಕದ ಪರೀಕ್ಷಾ ಸಾಲುಗಳು ಎಳೆಯ ಎಲೆ ಬಿಟ್ಟು ನಿಂತಿರುತ್ತವೆ. ಆಮೇಲೆ ಎಣಿಕೆಯ ಕೆಲಸ. ಎಷ್ಟು ಗಿಡಗಳಲ್ಲಿ ಮೊಟ್ಟೆ, ಎಷ್ಟರ ಸುಳಿ ಸತ್ತಿದೆ ಎಂದು 14, 21, 28ನೇ ದಿನಗಳಂದು ಸಾಲಿನುದ್ದಕ್ಕೂ ಬಗ್ಗಿ, ಎಲೆಯೆಲೆ ತಿರುವಿ ನೋಡಿ ಬರೆದುಕೊಳ್ಳಬೇಕು. ಬಿಸಿಲಲ್ಲಿ ಸೊಂಟ ಬಗ್ಗಿಸಿ ಮಾಡುವ ಈ ಎಣಿಕೆಯ ಮೇಲೆಯೇ ಉಳಿದೆಲ್ಲ ಲೆಕ್ಕಾಚಾರ ನಿಂತಿದೆ.

ನೊಣ ಮುಟ್ಟದ ಸಾಲು ಕಂಡಾಕ್ಷಣ ನಿರೋಧಕ ತಳಿ ಸಿಕ್ಕಿತು ಎನ್ನುವಂತಿಲ್ಲ. ನೊಣ ಆ ಮೂಲೆಗೆ ಹೋಗದೆಯೂ ಇದ್ದಿರಬಹುದು. ತಡೆದುಕೊಂಡ ಗಿಡಕ್ಕೂ ತಪ್ಪಿಸಿಕೊಂಡ ಗಿಡಕ್ಕೂ ಇರುವ ವ್ಯತ್ಯಾಸ ತಿಳಿಯಲೆಂದೇ ಪ್ರತಿ ಪ್ರಯೋಗದಲ್ಲೂ ಗುಣ ಗೊತ್ತಿರುವ ಎರಡು ತಳಿಗಳನ್ನು ಜೊತೆಗೆ ಬಿತ್ತುತ್ತಾರೆ. ಒಂದು, ನೊಣಕ್ಕೆ ಸುಲಭದ ತುತ್ತಾದ ಸ್ವರ್ಣ. ಇನ್ನೊಂದು, ಇಥಿಯೋಪಿಯಾ ಮೂಲದ, ನೊಣವನ್ನು ಚೆನ್ನಾಗಿ ತಡೆಯುವ ಐಎಸ್ 18551. ಸ್ವರ್ಣದ ಸುಳಿಗಳೇ ಸಾಯದಿದ್ದರೆ ಉಳಿದ ಅಂಕಿಗಳನ್ನು ನಂಬುವಂತಿಲ್ಲ. ಆಯ್ದ ಕೆಲವು ತಳಿಗಳಿಗೆ ಇನ್ನೂ ಕಠಿಣ ಪರೀಕ್ಷೆಯಿದೆ: ಒಂದೇ ತಳಿಯ ಗಿಡಗಳನ್ನು ಪಂಜರದೊಳಗೆ ನೊಣಗಳೊಂದಿಗೆ ಮುಚ್ಚಿಬಿಡುವುದು. ಪಕ್ಕದಲ್ಲಿ ರುಚಿಯಾದ ಬೇರೆ ಗಿಡವಿದ್ದಾಗ ನೊಣ ಇದನ್ನು ಬಿಟ್ಟು ಹೋದೀತು. ಬೇರೆ ದಾರಿಯೇ ಇಲ್ಲದಾಗ ಏನು ಮಾಡುತ್ತದೆ? ಊರಿಗೆ ಊರೇ ಒಂದೇ ತಳಿ ಬಿತ್ತಿದಾಗ ಎದುರಾಗುವುದು ಈ ಸ್ಥಿತಿಯೇ. ಹಾಗಾಗಿ ನನ್ನ ದೃಷ್ಟಿಯಲ್ಲಿ ಇಡೀ ಪರೀಕ್ಷೆಯ ಜೀವಾಳ ಈ ಪಂಜರ.

ಗಿಡ ತನ್ನನ್ನು ಕಾಯ್ದುಕೊಳ್ಳುವ ರೀತಿ ಬೆರಗು ಹುಟ್ಟಿಸುವಂಥದ್ದು. ನಿರೋಧಕ ತಳಿಗಳ ಎಳೆ ಎಲೆ ಸಾಮಾನ್ಯವಾಗಿ ತಿಳಿ ಹಸಿರು, ಎಣ್ಣೆ ಸವರಿದಂತೆ ಹೊಳಪು. ಎಲೆಯ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ, ನೊಣ ಮೊಟ್ಟೆಯಿಡಲು ಅಲ್ಲಿ ಹಿಂಜರಿಯುತ್ತದೆ. ಇನ್ನೊಂದು ಸಂಗತಿ ತೇವದ್ದು. ಮೊಟ್ಟೆಯಿಂದ ಹೊರಬಂದ ಮರಿಹುಳ ಬೆಳಗಿನ ಜಾವದ ತಂಪಿನಲ್ಲಿ ಸುಳಿಯೆಲೆಯ ಮೇಲಿನ ತೆಳು ತೇವದ ಮೇಲೆ ಜಾರಿ ಒಳಗಿಳಿಯುತ್ತದೆ. ನಿರೋಧಕ ತಳಿಗಳ ಸುಳಿಯೆಲೆಯಲ್ಲಿ ಆ ತೇವ ಕಡಿಮೆ, ಮರಿಗೆ ದಾರಿ ಕಷ್ಟ. ಮದ್ರಾಸಿನ ವಿಜ್ಞಾನಿ ಪೊನ್ನಯ್ಯ 1951ರಷ್ಟು ಹಿಂದೆಯೇ ಎಲೆಯೊಳಗಿನ ಸಿಲಿಕಾ ಕಣಗಳಿಗೂ ಈ ತಡೆಗೂ ನಂಟಿದೆಯೆಂದು ಬರೆದಿದ್ದರು. ಮುಖ್ಯ ಸುಳಿ ಸತ್ತ ಮೇಲೂ ಬುಡದಿಂದ ಹೊಸ ಕವಲು ಒಡೆದು ತೆನೆ ಕೊಡುವ ತಳಿಗಳೂ ಇವೆ. ಸುಳಿ ಎಣಿಸಿ ಮುಗಿಸಿದರೆ ಅವುಗಳಿಗೆ ಅನ್ಯಾಯವಾಗುತ್ತದೆ.

ಅದಕ್ಕೇ ಇಳುವರಿಯ ತೂಕ ಬೇಕು. ಎರೆ ಹೊಲ ಮೇಲ್ನೋಟಕ್ಕೆ ಒಂದೇ ಸಮ, ಒಳಗೆ ಮಣ್ಣಿನ ಆಳ ಮಾರು ಮಾರಿಗೂ ಬೇರೆ. ಒಳ್ಳೆಯ ಮಣ್ಣು ಸಿಕ್ಕ ತಳಿ ಗೆದ್ದಂತೆ ಕಾಣಬಾರದೆಂದು ಯಾವ ತಳಿ ಎಲ್ಲಿ ಬೀಳಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ಪ್ರತಿ ತಳಿಯನ್ನೂ ಮೂರ್ನಾಲ್ಕು ಕಡೆ ಬಿತ್ತುತ್ತಾರೆ. 1919ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸೇರಿದ ರೊನಾಲ್ಡ್ ಫಿಶರ್ ರೂಪಿಸಿದ ಕ್ರಮವಿದು. ಒಂದು ತಾಕಿಗೆ ಔಷಧಿ ಕೊಟ್ಟು, ಪಕ್ಕದ ತಾಕನ್ನು ನೊಣಕ್ಕೇ ಬಿಟ್ಟು ಎರಡನ್ನೂ ಒಕ್ಕಿ ತೂಗಿದರೆ ತಳಿ ಎಷ್ಟು ಕಳೆದುಕೊಳ್ಳುತ್ತದೆಂಬುದು ಗೊತ್ತಾಗುತ್ತದೆ. ಕಾಳಿನ ಜೊತೆ ಕಣಿಕೆಯನ್ನೂ ತೂಗುತ್ತಾರೆ. ಎತ್ತಿಗೆ ಮೇವಾಗದ ಜೋಳವನ್ನು ವಿಜಯಪುರ, ಕಲಬುರಗಿ ಕಡೆಯ ಒಕ್ಕಲಿಗರು ಒಪ್ಪುವುದಿಲ್ಲ.

ಇದರ ಪಾಠ ಇತಿಹಾಸದಲ್ಲೇ ಇದೆ. 1964ರಲ್ಲಿ ಬಂದ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್ಎಚ್-1, ಗಿಡ್ಡ, ಬೇಗ ಕೊಯ್ಲಿಗೆ ಬರುವಂಥದ್ದು, ಕಾಳೂ ಹೆಚ್ಚು. ಸುಳಿ ನೊಣಕ್ಕೆ ಮಾತ್ರ ಅದು ಸಲೀಸಾಗಿ ಬಲಿಯಾಯಿತು. ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಸ್ಥಳೀಯ ಜೋಳದಿಂದ ಆಯ್ದ ಮಾಲದಂಡಿ, ಎಂ 35-1, ಇಂದಿಗೂ ಹಿಂಗಾರಿ ಹೊಲಗಳಲ್ಲಿ ನಿಂತಿದೆ. ಅದರ ಎಳೆ ಎಲೆಯಲ್ಲಿ ಆ ಹೊಳಪಿದೆ. ಎತ್ತರದ ಕಣಿಕೆ, ರೊಟ್ಟಿಗೆ ಹೇಳಿ ಮಾಡಿಸಿದ ಮುತ್ತಿನಂಥ ಕಾಳು. ಅದನ್ನು ಮೀರಿಸುವ ಹೈಬ್ರಿಡ್ ತರುವುದು ಕಷ್ಟವಾಗಿರುವುದಕ್ಕೆ ಒಂದು ಕಾರಣ, ನೊಣ ತಡೆಯುವ ಗುಣ ಹೈಬ್ರಿಡ್‌ನಲ್ಲಿ ಚೆನ್ನಾಗಿ ಕಾಣಬೇಕಾದರೆ ತಂದೆ, ತಾಯಿ ಎರಡೂ ತಳಿಗಳಲ್ಲಿ ಅದಿರಬೇಕು.

ಇಷ್ಟು ಶ್ರಮದಿಂದ ಸಿಕ್ಕ ಸುಳಿಸಾವಿನ ಅಂಕಿ ಸಂಶೋಧನಾ ವರದಿಯಲ್ಲೇ ಉಳಿದುಬಿಡುವುದು ನನಗೆ ಸರಿಯೆನಿಸುವುದಿಲ್ಲ. ಬೀಜದ ಚೀಲದ ಮೇಲೆ ಎಕರೆಗೆ ಇಷ್ಟು ಕ್ವಿಂಟಾಲ್ ಎಂದು ಬರೆಯುವಲ್ಲಿ, ನೊಣ ಹೆಚ್ಚಿದ್ದ ತಾಕಿನಲ್ಲಿ ನೂರಕ್ಕೆ ಎಷ್ಟು ಸುಳಿ ಸತ್ತವು ಎಂಬುದನ್ನೂ ಮಾಲದಂಡಿಯ ಅಂಕಿಯ ಪಕ್ಕದಲ್ಲಿಟ್ಟು ಮುದ್ರಿಸಬೇಕು. ಮಳೆ ಕೈಕೊಟ್ಟು ಬಿತ್ತನೆಯ ದಿನ ತನ್ನ ಹಿಡಿತ ತಪ್ಪಿದಾಗ, ಯಾವ ಚೀಲ ಎತ್ತಿಕೊಳ್ಳಬೇಕೆಂದು ಅಂಗಡಿಯಲ್ಲಿ ನಿಂತ ರೈತ ಮೊದಲು ಕೇಳುವುದು ಆ ಅಂಕಿಯನ್ನೇ.