ಮುರಿದ ಕೊಂಬೆಯ ಕಥೆ
ರಾಜರಾಜೇಶ್ವರಿನಗರದ ಮಕ್ಕಳಿಗೆ ಅಕ್ಕತಂಗಿಯರ ನಡುಕದ ಕಥೆ ಬೇಕೆಂದರೆ 1868ರ ಕಾದಂಬರಿ ‘ಲಿಟಲ್ ವಿಮೆನ್’ಗೆ ದೆವ್ವ ಸೇರಿಸಬೇಕಿಲ್ಲ, ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೇ ಇದೆ. ಅಕ್ಕ ಬಿಂದಿಗೆ ನೀರು ಹುಯ್ದರೆ ತಂಗಿ ಹೂಮರವಾಗುತ್ತಾಳೆ. ಚಿಗುರು ಮುರಿಯದೆ, ಎಲೆ ಹರಿಯದೆ ಹೂ ಬಿಡಿಸಿ ಮತ್ತೊಂದು ಬಿಂದಿಗೆ ಹುಯ್ದರೆ ಹುಡುಗಿಯಾಗುತ್ತಾಳೆ. ಮದುವೆಯಾದ ಮೇಲೆ ನಾದಿನಿ, ಅವಳ ಗೆಳತಿಯರು ಕೊಂಬೆ ಮುರಿದು, ಬೇಕಾಬಿಟ್ಟಿ ನೀರು ಚೆಲ್ಲಿ ಓಡುತ್ತಾರೆ. ಉಳಿಯುವುದು ಕೈಕಾಲಿಲ್ಲದ ಮೈ.

ಮಕ್ಕಳಿಗೆ ಇಷ್ಟು ಭಯ ಬೇಡ, ಆ ಭಾಗ ಕತ್ತರಿಸಿ ಎನ್ನುವವರ ಕಾಳಜಿ ನಿಜವೇ. ಆದರೆ ಅದಿಲ್ಲದೆ ಅಕ್ಕನ ಜೋಪಾನದ ಬೆಲೆ ತಿಳಿಯದು. ಇದೇ ಕಥೆಯನ್ನು ಆಧರಿಸಿದ 1992ರ ‘ಚೆಲುವಿ’ ಚಿತ್ರದಲ್ಲಿ ಗಿರೀಶ ಕಾರ್ನಾಡರೂ ಆ ಕ್ರೌರ್ಯವನ್ನು ಬಿಡಲಿಲ್ಲ. ಮೇಲಾಗಿ ಜನಪದ ಕಥೆಯ ಭಯಕ್ಕೊಂದು ನಿಯಮವಿದೆ: ಗಂಡ ಮುರಿದ ಕೊಂಬೆಗಳನ್ನು ಜೋಡಿಸಿ ಕಟ್ಟಿ, ಅಕ್ಕನಂತೆಯೇ ನೀರು ಹುಯ್ಯುತ್ತಾನೆ, ಅವಳು ಮರಳುತ್ತಾಳೆ.